ಉಪಗ್ರಹಕ್ಕೆ 5 ವ್ಯಾಟ್ ಸಾಕು

ಉಪಗ್ರಹದ ಮೂಲಕ ಮಾತಾಡಲು ತುಂಬಾ ಪವರ್ ಬೇಕು ಅಂತ ಮೈಸೂರಿನ ಹೊಸ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ಈಗಲೂ ಅಂದುಕೊಂಡಿದ್ದಾರೆ. ಬೇಡ. ಉದಾಹರಣೆಗೆ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಮೇಲೆ, ನಡುವೆ ಗುಡ್ಡ, ಕಟ್ಟಡ ಏನೂ ಅಡ್ಡ ಬರಲ್ಲ ಅಲ್ವಾ, ಹಾಗಾಗಿ ಅಲ್ಲಿನ ರಿಪೀಟರ್ (ಬಂದ ಸಿಗ್ನಲ್ ಅನ್ನು ಮತ್ತೆ ಪ್ರಸಾರ ಮಾಡುವ ಸಾಧನ) ಆನ್ ಇದ್ದಾಗ 5 ವ್ಯಾಟ್‌ನ ವಾಕಿಟಾಕಿಗೆ ಕೈಯಲ್ಲೇ ಹಿಡಿದು ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆ್ಯಂಟೆನಾ ಜೋಡಿಸಿ ಕುಕ್ಕರಹಳ್ಳಿ ಕೆರೆ ಏರಿಯಿಂದಲೂ ಮಾತಾಡಬಹುದು. 145.990 ಮೆಗಾಹರ್ಟ್ಸ್‌ನಲ್ಲಿ 67 ಹರ್ಟ್ಸ್ ಟೋನ್ (ರಿಪೀಟರ್ ತೆರೆಯುವ ಸ್ವರ) ಹಾಕಿ ಕಳಿಸಿ, 437.800ರಲ್ಲಿ ಕೇಳಿ. ಡಾಪ್ಲರ್‌ನಿಂದ (ನಿಲ್ದಾಣದ ವೇಗದ ಪರಿಣಾಮ) ಕೇಳುವ ಫ್ರೀಕ್ವೆನ್ಸಿ ಜಾರುತ್ತಾ ಹೋಗುತ್ತದೆ, ಅದರ ಬೆನ್ನಿಗೇ ಟ್ಯೂನ್ ಮಾಡುತ್ತಾ ಹೋಗಬೇಕು.

ಲೀನಿಯರ್ ಟ್ರಾನ್ಸ್‌ಪಾಂಡರ್ (ಹಲವರ ಸಿಗ್ನಲ್‌ಗಳನ್ನು ಒಟ್ಟಿಗೆ ಮರುಪ್ರಸಾರ ಮಾಡುವ ಸಾಧನ) ಇರುವ ಉಪಗ್ರಹದಲ್ಲಂತೂ ಜಾಸ್ತಿ ಪವರ್ ಹಾಕುವುದು ತಪ್ಪೇ. ಅದರ ಪವರ್ ಎಲ್ಲರಿಗೂ ಹಂಚಿಹೋಗುತ್ತದೆ. ಒಬ್ಬರು ಜೋರು ಮಾಡಿದರೆ ಉಳಿದವರೆಲ್ಲ ಕ್ಷೀಣವಾಗುತ್ತಾರೆ. ನಮ್ಮ ಸಿಗ್ನಲ್, ಉಪಗ್ರಹ ತಾನೇ ಕಳಿಸುವ ಗುರುತಿನ ಸಿಗ್ನಲ್ ಆದ ಬೀಕನ್‌ಗಿಂತ ಜೋರಾಗಿ ವಾಪಸ್ ಬರಬಾರದು. ಸಿಗ್ನಲ್ ಹೋಗದಿದ್ದರೆ ಸುಮ್ನೆ ಪವರ್ ಏರಿಸಬೇಡಿ, ಮೊದಲು ಆ್ಯಂಟೆನಾವನ್ನು ಸ್ವಲ್ಪ ತಿರುಚಿ ನೋಡಿ.