ಎಷ್ಟು ಪರ್ಸೆಂಟ್ ಬಂತು?

ನಾನು ಜರ್ಮನಿಗೆ ಬಂದ ಹೊಸತರಲ್ಲಿ, 2011ರ ಮಾರ್ಚ್ 1ರಂದು, ಇಲ್ಲಿನ ರಕ್ಷಣಾ ಸಚಿವ ಗುಟೆನ್‌ಬರ್ಗ್ ರಾಜೀನಾಮೆ ಕೊಟ್ಟರು. ಬೈರಾಯ್ಟ್ ವಿಶ್ವವಿದ್ಯಾಲಯಕ್ಕೆ ಅವರು ಸಲ್ಲಿಸಿದ್ದ ಪಿಎಚ್‌ಡಿ ಪ್ರಬಂಧದಲ್ಲಿ ಕೃತಿಚೌರ್ಯ ಬಯಲಾಗಿತ್ತು. ಎರಡು ವರ್ಷದ ನಂತರ ಶಿಕ್ಷಣ ಸಚಿವೆ ಶಾವಾನ್ ಅವರ ಡಾಕ್ಟರೇಟನ್ನೂ ಡ್ಯುಸೆಲ್‌ಡಾರ್ಫ್ ವಿಶ್ವವಿದ್ಯಾಲಯ ಹಿಂಪಡೆಯಿತು; ಅವರೂ ಹುದ್ದೆ ಬಿಟ್ಟರು. ಅಡಿಟಿಪ್ಪಣಿಯೊಂದು ಮಂತ್ರಿಗಿರಿಯನ್ನೇ ಕಸಿಯಬಲ್ಲದು ಎಂಬುದು ನನಗೆ ಹೊಸ ಸಂಗತಿಯಾಗಿತ್ತು.

ಈಗ ಸಂಶೋಧನಾ ಪತ್ರಿಕೆಯೊಂದರ ಸಂಪಾದಕೀಯ ಕಚೇರಿಯಲ್ಲಿದ್ದೇನೆ. ಬರುವ ಪ್ರತಿ ಲೇಖನವನ್ನೂ ವಿಮರ್ಶಕರಿಗೆ ಕಳಿಸುವ ಮುನ್ನ ಐಥೆಂಟಿಕೇಟ್ ತಂತ್ರಾಂಶದಲ್ಲಿ ಹಾಕಿ ನೋಡುತ್ತೇವೆ. ಅದು ಕೊಡುವುದು ಈಗಾಗಲೇ ಇರುವ ಬರಹಗಳೊಂದಿಗಿನ ಸಾಮ್ಯದ ಲೆಕ್ಕವೇ ಹೊರತು ಕಳ್ಳತನದ ತೀರ್ಪಲ್ಲ. ಒಮ್ಮೆ ಶೇ. 34 ತೋರಿಸಿದ ಲೇಖನವನ್ನು ಬಿಡಿಸಿ ನೋಡಿದರೆ ಗುರುತಾಗಿದ್ದದ್ದು ಆಕರಪಟ್ಟಿ, ಪ್ರಯೋಗವಿಧಾನದ ರೂಢಿಯ ವಾಕ್ಯಗಳು, ಅಷ್ಟೆ. ಅದೇ ವಾರ ಶೇ. 9 ಬಂದ ಇನ್ನೊಂದರಲ್ಲಿ, ಪೀಠಿಕೆಯ ಒಂದೂವರೆ ಪ್ಯಾರಾ ಬೇರೊಬ್ಬರ ಲೇಖನದಿಂದ ಅಲ್ಲಿನ ಕಾಗುಣಿತದ ತಪ್ಪಿನ ಸಮೇತ ಇಳಿದುಬಂದಿತ್ತು.

ಇಂಥದ್ದು ಸಿಕ್ಕಾಗ ಮೊದಲು ಮಾಡುವ ಕೆಲಸ ಲೇಖಕರಿಗೆ ಪತ್ರ ಬರೆಯುವುದು. 1997ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಕೋಪ್ ಎಂಬ ಪ್ರಕಾಶನ ನೀತಿ ಸಮಿತಿಯ ಕ್ರಮದಂತೆ, ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು, ಆರೋಪದ ಧ್ವನಿಯಿಲ್ಲದೆ ವಿವರಣೆ ಕೇಳುತ್ತೇವೆ. ಉತ್ತರ ಬಾರದಿದ್ದರೆ ಅಥವಾ ಸಮಾಧಾನ ತರದಿದ್ದರೆ ಅವರ ಸಂಸ್ಥೆಗೆ ತಿಳಿಸುತ್ತೇವೆ. ತನಿಖೆ ಸಂಸ್ಥೆಯದು, ನಮ್ಮದಲ್ಲ. ಪ್ರಕಟವಾದ ಮೇಲೆ ಗಂಭೀರ ಚೌರ್ಯ ಸಿಕ್ಕರೆ ಲೇಖನವನ್ನು ಹಿಂಪಡೆದದ್ದಾಗಿ ಸಾರುತ್ತೇವೆಯೇ ಹೊರತು ಸಾಮಾನ್ಯವಾಗಿ ಅಳಿಸುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಅದನ್ನು ನಂಬಿ ಉಲ್ಲೇಖಿಸಿದವರಿರುತ್ತಾರೆ.

ಊರಿನ ಕಡೆ ಮಾತ್ರ ಎಲ್ಲವೂ ಅಂಕಿಯ ಸುತ್ತಲೇ ತಿರುಗುತ್ತಿದೆ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿರುವ ಚಿಕ್ಕಪ್ಪನ ಮಗ ಮೊನ್ನೆ ಫೋನಿನಲ್ಲಿ ಕೇಳಿದ: “ಅಕ್ಕಾ, ಹತ್ತರ ಒಳಗ ತರೂದು ಹ್ಯಾಂಗ?” ಪದ ಬದಲಿಸಿಕೊಡುವ ತಂತ್ರಾಂಶಕ್ಕೆ ಆಗಲೇ ಒಂದು ಅಧ್ಯಾಯ ಉಣಿಸಿದ್ದನಂತೆ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇಂಥ ತಂತ್ರಾಂಶಗಳ ಜಾಡನ್ನೇ ಹಿಡಿದಿದ್ದರು: ಪ್ರಕಟಿತ ಲೇಖನಗಳಲ್ಲಿ ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫಿಟ್ ಕಾನ್ಷಸ್‌ನೆಸ್’, ಅಂದರೆ ಖೋಟಾ ಪ್ರಜ್ಞೆ, ಆಗಿತ್ತು. ಅಂಕಿ ಇಳಿಯುತ್ತದೆ, ಕಳವು ಕಳವಾಗಿಯೇ ಉಳಿಯುತ್ತದೆ, ಜೊತೆಗೆ ಅರ್ಥವೂ ಕೆಡುತ್ತದೆ.

ಅವನ ಮೂಲ ಅಧ್ಯಾಯವನ್ನೇ ತರಿಸಿಕೊಂಡು ಓದಿದೆ. ಅದಕ್ಕೆ ಬಂದಿದ್ದ ಶೇ. 17ರ ಸಾಮ್ಯದಲ್ಲಿ ಹೆಚ್ಚಿನ ಪಾಲು ಉದ್ಧರಣ ಚಿಹ್ನೆಯೊಳಗೆ, ಆಕರದ ಹೆಸರಿನೊಂದಿಗೆ ಇದ್ದ ಮಾತುಗಳು. ಹಾಗೆ ಸರಿಯಾಗಿ ಉದ್ಧರಿಸಿದ್ದನ್ನೂ ಆಕರಪಟ್ಟಿಯನ್ನೂ ಲೆಕ್ಕದಿಂದ ಹೊರಗಿಡಬೇಕೆಂದು ಯುಜಿಸಿಯ ಅದೇ ನಿಯಮ ಹೇಳುತ್ತದೆ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.