ಹತ್ತು ಮೈಕ್ರೋಸೆಕೆಂಡ್

14 ನವೆಂಬರ್ 2025, ಶುಕ್ರವಾರ, ರಾತ್ರಿ

ಇಂದೂ ಅದೇ ಕಾರ್ಡ್, ನಾನು ಲಿನಕ್ಸ್ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಬರೆಯುತ್ತಿರುವುದು. ಮೂವತ್ತು ನಲವತ್ತು ಸಲ ರೀಸೆಟ್ ಮಾಡಿದರೂ ಸರಿಯಾಗಿ ಏಳುತ್ತದೆ, ಆಮೇಲೆ ಒಮ್ಮೆ ಏಳುವುದೇ ಇಲ್ಲ. 'ಸಿದ್ಧ' ಎಂದು ಹೇಳಬೇಕಾದ ಬಿಟ್ ಎಷ್ಟು ಹೊತ್ತಾದರೂ 0.

ವಾರವಿಡೀ ನಾನು ಮಾಡಿದ್ದು ಕಾಯುವ ಹೊತ್ತನ್ನು ಹೆಚ್ಚಿಸಿದ್ದೊಂದೇ. ರೀಸೆಟ್ ಬಿಟ್ಟ ಮೇಲೆ 100 ಮಿಲಿಸೆಕೆಂಡ್ ಇದ್ದದ್ದು 250 ಆಯಿತು, ನಿನ್ನೆ 500. ಅದೂ ಎಂಡಿಲೇ ಎಂಬ ಲಿನಕ್ಸ್ ಫಂಕ್ಷನ್ನಿನಿಂದ! ಅರ್ಧ ಸೆಕೆಂಡ್ ಒಂದು ಇಡೀ ಸಿಪಿಯು ಕೋರ್ ಬೇರೆ ಯಾವ ಕೆಲಸಕ್ಕೂ ಒದಗದೆ ನಿಂತಲ್ಲೇ ಸುತ್ತುತ್ತದೆ.

ಮಧ್ಯಾಹ್ನ ಮೇಡಂ ಬಂದು ಪರದೆ ನೋಡಿದರು. 500ರ ಕಡೆ ಕಣ್ಣೂ ಹಾಯಿಸಲಿಲ್ಲ. ಅದಕ್ಕೂ ಮೇಲಿನ ಮೂರು ಸಾಲುಗಳ ಮೇಲೆ ಬೆರಳಿಟ್ಟರು: ರೀಸೆಟ್ ಬಿಟ್‌ಗೆ 1 ಬರೆ, 10 ಮೈಕ್ರೋಸೆಕೆಂಡ್ ಕಾಯಿ, 0 ಬರೆ.

"ಈ ಹತ್ತು ಎಲ್ಲಿ ಕಳೆಯುತ್ತದೆ?"

"ಕಾರ್ಡ್‌ನಲ್ಲಿ, ಮೇಡಂ. ಅಷ್ಟು ಹೊತ್ತು ರೀಸೆಟ್ ಹಿಡಿದಿರಬೇಕೆಂದು ಕೈಪಿಡಿಯಲ್ಲಿದೆ."

"ಇಲ್ಲ, ಪ್ರೊಸೆಸರ್‌ನಲ್ಲಿ ಕಳೆಯುತ್ತದೆ. ನೀವು ಬರೆದ 1 ಕಾರ್ಡಿಗೆ ತಲುಪಿತೆಂದು ನಿಮಗೆ ಯಾರು ಹೇಳಿದರು?"

ಉತ್ತರ ನನ್ನಲ್ಲಿರಲಿಲ್ಲ. ಪ್ರೊಸೆಸರಿಗೂ ಕಾರ್ಡಿಗೂ ನಡುವಿನ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಮೆಮೊರಿಗೆ ಬರೆಯುವುದು ಪೋಸ್ಟೆಡ್ ರೈಟ್: ಅಂಚೆ ಡಬ್ಬಿಗೆ ಹಾಕಿ ಬಂದ ಕಾಗದದಂತೆ. ಪ್ರೊಸೆಸರ್ ಹಾಕಿ ಮುಂದೆ ಹೋಗುತ್ತದೆ. ಕಾಗದ ದಾರಿಯ ನಡುವಿನ ಜೋಡಣೆಯಾದ ಯಾವುದೋ ಬ್ರಿಡ್ಜ್‌ನಲ್ಲಿ ತಡೆದು ನಿಂತಿರಬಹುದು. ಆಗ 1 ಮತ್ತು 0 ಬೆನ್ನಿಗೆ ಬೆನ್ನು ಹಚ್ಚಿ ಕಾರ್ಡ್ ಸೇರುತ್ತವೆ. ರೀಸೆಟ್ ಅರೆಬರೆಯಾಗುತ್ತದೆ. ಹಾಗೆ ಅರ್ಧ ಮಲಗಿ ಅರ್ಧ ಎದ್ದಿರುವ ಕಾರ್ಡನ್ನು ಆಮೇಲೆ 500 ಅಲ್ಲ, 5000 ಮಿಲಿಸೆಕೆಂಡ್ ಕಾದರೂ ಎಬ್ಬಿಸಲಾಗದು.

1 ಬರೆದೊಡನೆ ಅದೇ ಕಾರ್ಡಿನ ಒಂದು ರಿಜಿಸ್ಟರ್ (ಸ್ಥಿತಿ, ಆದೇಶ ಇಡುವ ಪುಟ್ಟ ಖಾನೆ) ಓದಿಸಿದೆ. ಓದು ತನಗಿಂತ ಮುಂದೆ ಹೋದ ಬರಹವನ್ನು ದಾಟುವಂತಿಲ್ಲ. ಉತ್ತರ ಬಂತೆಂದರೆ 1 ತಲುಪಿದೆ. (ರೀಸೆಟ್‌ನಲ್ಲಿರುವಾಗಲೂ ಉತ್ತರಿಸುವ ರಿಜಿಸ್ಟರನ್ನೇ ಆರಿಸಬೇಕು.) ಹತ್ತರ ಎಣಿಕೆ ಅಲ್ಲಿಂದ ಶುರು. ಒಂದೇ ಒಂದು ಸಾಲು. ಐದು ದಿನ ತಪ್ಪು ಜಾಗದಲ್ಲಿ ಕಾದೆನಲ್ಲ ಎಂದು ಹೊಟ್ಟೆ ಉರಿಯುತ್ತದೆ.

500 ತೆಗೆದೆ. ಈಗ ಡ್ರೈವರ್ ಕೋರನ್ನು ಬೇರೆ ಕೆಲಸಕ್ಕೆ ಬಿಟ್ಟು ನಿದ್ರಿಸುತ್ತಾ, ನಡುನಡುವೆ ಎದ್ದು ಬಿಟ್ ನೋಡುತ್ತಾ, ಅವಧಿ ಮುಗಿದ ಮೇಲೆಯೂ ಕೊನೆಯದಾಗಿ ಒಮ್ಮೆ ನೋಡುತ್ತದೆ. ನಿದ್ರೆ ಉದ್ದವಾಗಿ ನಾವೇ ತಡವಾಗಿ ಎದ್ದಿರಬಹುದು. ಲಿನಕ್ಸ್‌ನ ಪಿಸಿಐ ಕೋಡ್ ಕೂಡ ರೀಸೆಟ್ ಆದ ಸಾಧನಕ್ಕಾಗಿ 1, 2, 4 ಮಿಲಿಸೆಕೆಂಡ್ ಎಂದು ಅಂತರ ಹಿಗ್ಗಿಸುತ್ತಾ 60 ಸೆಕೆಂಡ್‌ವರೆಗೂ ಕಾಯುತ್ತದೆ. ಆ ತಾಳ್ಮೆ ನನಗಿಷ್ಟ.

ಪರೀಕ್ಷೆ ಓಡುತ್ತಿದೆ. 212 ರೀಸೆಟ್, ಒಂದೂ ತಪ್ಪಿಲ್ಲ. ಆದರೂ ನಿದ್ದೆ ಬರುತ್ತಿಲ್ಲ.

ದೋಷ ಬಂದಾಗಿನ ರೀಸೆಟ್ ಇನ್ನೂ, ಕಾರ್ಡ್ ಕರೆದೊಡನೆ ಓಡುವ ಕೋಡಾದ ಇಂಟರಪ್ಟ್ ಹ್ಯಾಂಡ್ಲರ್‌ನೊಳಗಿದೆ. ಅಲ್ಲಿ ನಿದ್ರಿಸುವಂತಿಲ್ಲ, ಕೆಲಸವನ್ನು ಆಮೇಲೆ ಸರದಿಯಲ್ಲಿ ಮಾಡಿಸುವ ವರ್ಕ್‌ಕ್ಯೂಗೆ ಒಪ್ಪಿಸಬೇಕು. ಆ ಕೆಲಸ ಸರದಿಯಲ್ಲಿರುವಾಗಲೇ ಯಾರಾದರೂ ಡ್ರೈವರ್ ತೆಗೆದುಹಾಕಿದರೆ? ಮೊದಲು ಇಂಟರಪ್ಟ್ ಮುಚ್ಚಿ, ಆಮೇಲೆ ಸರದಿಯ ಕೆಲಸ ರದ್ದು ಮಾಡಿದರಾಯಿತು. ಅಲ್ಲ, ಆ ಕೆಲಸವೇ ತನ್ನ ಕೊನೆಯಲ್ಲಿ ಇಂಟರಪ್ಟನ್ನು ಮತ್ತೆ ತೆರೆಯುತ್ತದಲ್ಲ…