ಬನ್ನಿ ಮರದ ನೆರಳಿನ ಜೊತೆ ಸರಿಯುವ ಸಾಲು: ಗೊಂಬೆ ಚಿತ್ರದ ಕೆಲಸ ಎಲ್ಲಿಗೆ ಬಂತು

ಸರದಿ ಸಾಲಿನ ದೃಶ್ಯದ ಚಿತ್ರೀಕರಣ ಮುಗಿಯಿತು. ಈ ಚಿತ್ರ ಮಾಡಬೇಕು ಅನ್ನಿಸಿದ್ದೇ ಆ ದೃಶ್ಯಕ್ಕಾಗಿ. ಹಾಗಾಗಿ ಈ ಬಾರಿಯ ಟಿಪ್ಪಣಿಯಲ್ಲಿ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಹೊಸದಾಗಿ ಓದುತ್ತಿರುವವರಿಗೆ ಕಥೆ ಚುಟುಕಾಗಿ ಹೇಳುತ್ತೇನೆ. ಥಾರ್ ಮರುಭೂಮಿಯಲ್ಲಿ, ಜೈಸಲ್ಮೇರ್‌ನಿಂದಾಚೆ, ನಾಲ್ಕಾರು ಗುಡಿಸಲುಗಳ ಒಂದು ಢಾಣಿ. ಅಲ್ಲಿಗೆ ನಲ್ಲಿ ಬಂದಿದೆ. ಕಂಬ ನೆಟ್ಟಾಗಿದೆ, ತಿರುಪು ಕೂರಿಸಿದ್ದಾಗಿದೆ, ಕೆಳಗೆ ಸಿಮೆಂಟ್ ಕಟ್ಟೆಯೂ ಆಗಿದೆ. ಪೈಪ್ ಮಾತ್ರ ಬಂದಿಲ್ಲ. ಊರವರು ಕೊಡ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಯಾರೂ ಬೈಯುವುದಿಲ್ಲ, ಯಾರೂ ನಗುವುದಿಲ್ಲ. ಬರಬರುತ್ತಾ ಊರಿನ ವ್ಯವಹಾರವೆಲ್ಲ ಸಾಲಿಗೇ ಬಂದು ಸೇರುತ್ತದೆ. ಮೇಷ್ಟ್ರು ಅಲ್ಲೇ ಮಗ್ಗಿ ಹೇಳಿಕೊಡುತ್ತಾರೆ, ಸಂಬಂಧಗಳು ಅಲ್ಲೇ ಕುದುರುತ್ತವೆ, ಮದುವೆಯಾಗಿ ಹೋಗುವ ಮಗಳಿಗೆ ಅಪ್ಪ ಸಾಲಿನಲ್ಲಿ ತನಗಿದ್ದ ಜಾಗವನ್ನು ಬಳುವಳಿ ಕೊಡುತ್ತಾನೆ. ಮಾತು ತೀರಾ ಕಡಿಮೆ. ಎಲ್ಲವೂ ಗೊಂಬೆಗಳು, ಒಂದೊಂದೇ ಫೋಟೋ ತೆಗೆದು ಜೋಡಿಸುವ ಸ್ಟಾಪ್ ಮೋಷನ್.

ನೆರಳಿನ ಲೆಕ್ಕ

ಸಾಲು ನಿಂತಿರುವುದು ಒಂದು ಖೇಜಡಿ ಮರದ ನೆರಳಿನಲ್ಲಿ. ನಮ್ಮ ಬನ್ನಿ ಮರವೇ ಅದು, ರಾಜಸ್ಥಾನದ ರಾಜ್ಯವೃಕ್ಷ. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಸುತ್ತಲಿನದೆಲ್ಲ ಒಣಗಿ ನಿಂತ ಬೇಸಿಗೆಯಲ್ಲೂ ಅದರಲ್ಲಿ ಹಸಿರಿರುತ್ತದೆ. 1730ರಲ್ಲಿ ಜೋಧ್‌ಪುರದ ಬಳಿಯ ಖೇಜಡ್ಲಿಯಲ್ಲಿ ಅಮೃತಾದೇವಿಯೂ ಸೇರಿ ಬಿಷ್ಣೋಯಿ ಸಮುದಾಯದ 363 ಮಂದಿ ಪ್ರಾಣ ಕೊಟ್ಟದ್ದು ಇದೇ ಮರಗಳನ್ನು ಕಡಿಯಲು ಬಿಡದೆ. ಆ ನೆನಪು ಇರುವ ನಾಡಿನ ಕಥೆ ಹೇಳುವಾಗ ಮರವನ್ನು ತಮಾಷೆಯ ಸಾಮಾನು ಮಾಡಬಾರದು ಎಂಬುದು ನನ್ನ ನಿಲುವು. ಚಿತ್ರದಲ್ಲಿ ಯಾರೂ ಅದರ ಕೊಂಬೆ ಮುರಿಯುವುದಿಲ್ಲ. ಮರ ತನ್ನ ಪಾಡಿಗೆ ನಿಂತಿದೆ, ನೆರಳು ತನ್ನ ಪಾಡಿಗೆ ಸರಿಯುತ್ತದೆ, ನಗು ಹುಟ್ಟುವುದು ಆ ಸರಿದಾಟದಿಂದ.

ಜೂನ್ ತಿಂಗಳು. ಕ್ಯಾಮೆರಾ ಉತ್ತರಕ್ಕೆ ಮುಖ ಮಾಡಿದೆ, ಅಂದರೆ ಪರದೆಯ ಎಡಗಡೆ ಪಶ್ಚಿಮ. ನಲ್ಲಿ ಇರುವುದು ಮರದ ಬಲಕ್ಕೆ. ಬೆಳಿಗ್ಗೆ ನೆರಳು ಎಡಕ್ಕೆ ಬೀಳುತ್ತದೆ, ಸಾಲೂ ಎಡಕ್ಕೆ ಹರಡಿದೆ, ಸಾಲಿನ ಮೊದಲಿಗ ಬಲತುದಿಯಲ್ಲಿ ನಲ್ಲಿಗೆ ಹತ್ತಿರ. ಬಿಸಿಲು ಏರಿದಂತೆ ನೆರಳು ಬಲಕ್ಕೆ ಸರಿಯುತ್ತದೆ, ಜನರೂ ಒಬ್ಬರ ಹಿಂದೊಬ್ಬರು ಒಂದೊಂದು ಹೆಜ್ಜೆ ಬಲಕ್ಕೆ. ನೆಲ ನೋಡುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸಂಜೆಯ ಹೊತ್ತಿಗೆ ಸಾಲು ಪೂರ್ತಿ ನಲ್ಲಿಯನ್ನು ದಾಟಿ ಹೋಗಿದೆ. ಈಗ ನಲ್ಲಿಯ ಪಕ್ಕದಲ್ಲಿರುವವಳು ಕೊನೆಯಲ್ಲಿ ನಿಂತ ಮುದುಕಿ. ಕೈ ಚಾಚಿದರೆ ತಿರುಪು ಸಿಗುತ್ತದೆ. ಮುಟ್ಟುವುದಿಲ್ಲ. ಅವಳ ಪಾಳಿ ಇನ್ನೂ ಬಂದಿಲ್ಲ.

ಇದು ನಂಬುವಂತಿರಬೇಕಾದರೆ ನೆರಳು ನಿಜವಾಗಿರಬೇಕು. ಜೈಸಲ್ಮೇರ್ ಸುಮಾರು 27 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ 21ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಮೂರೂವರೆ ಡಿಗ್ರಿಯಷ್ಟೇ ದಕ್ಷಿಣಕ್ಕಿರುತ್ತಾನೆ. ಐದೂವರೆ ಅಡಿ ಎತ್ತರದ ಆಳಿನ ನೆರಳು ಆಗ ನಾಲ್ಕು ಅಂಗುಲ. ನನ್ನ ಸೆಟ್ 1:8 ಅಳತೆಯದು, ಹಾಗಾಗಿ ಗೊಂಬೆಯ ಕಾಲಬುಡದಲ್ಲಿ ಅರ್ಧ ಅಂಗುಲದ ಕಪ್ಪು. ಅದೇ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಈಶಾನ್ಯದ ಕಡೆ ವಾಲಿ. ಹೀಗಾಗಿ ಬೆಳಗಿನ ನೆರಳು ಎಡಕ್ಕೆ ಬೀಳುವುದರ ಜೊತೆಗೆ ಸ್ವಲ್ಪ ಕ್ಯಾಮೆರಾದ ಕಡೆಗೂ ಬರುತ್ತದೆ, ಕೊಡಗಳ ಅಂಚಿನಲ್ಲಿ ಹಿಂದಿನಿಂದ ಬೆಳಕಿನ ಗೆರೆ ಮೂಡುತ್ತದೆ. ಆ ಗೆರೆ ಕಂಡ ದಿನ ನನಗಾದ ಖುಷಿ ದೊಡ್ಡದು.

ಸೂರ್ಯನ ಕೆಲಸ ಮಾಡುತ್ತಿರುವುದು ಒಂದೇ ಒಂದು ಎಲ್‌ಇಡಿ ದೀಪ. ಬಗ್ಗಿಸಿದ ಪೈಪಿನ ಕಮಾನಿನ ಮೇಲೆ ಅದು ಜಾರುತ್ತದೆ. ಕಮಾನಿನ ಕಾಲುಗಳು ಮರಕ್ಕಿಂತ ತುಸು ಉತ್ತರಕ್ಕೆ, ತಲೆ ಮರದ ನೆತ್ತಿಗೆ ಬರುವಂತೆ ವಾಲಿಸಿದ್ದೇನೆ. ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನಲ್ಲ, ಹತ್ತು ಗಂಟೆಯ ಹಗಲಿಗೆ 150 ಡಿಗ್ರಿ. ಶಾಟ್ 25 ಸೆಕೆಂಡಿನದು. ಸೆಕೆಂಡಿಗೆ 12 ಚಿತ್ರದಂತೆ 300 ಚಿತ್ರ, ಅಂದರೆ ಪ್ರತಿ ಚಿತ್ರಕ್ಕೆ ದೀಪ ಅರ್ಧ ಡಿಗ್ರಿ ಮುಂದೆ. ಕಮಾನಿಗೆ ಕಾಗದದ ಪಟ್ಟಿ ಅಂಟಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ದೀಪ ಸೆಟ್‌ಗೆ ಹತ್ತಿರವಿದ್ದರೆ ನೆರಳುಗಳು ಬೀಸಣಿಗೆಯ ಕಡ್ಡಿಗಳಂತೆ ಬೇರೆ ಬೇರೆ ದಿಕ್ಕಿಗೆ ಚಾಚುತ್ತವೆ, ಕೋಣೆಯ ದೀಪ ಎಂಬುದು ಕೂಡಲೇ ಗೊತ್ತಾಗುತ್ತದೆ. ಕೋಣೆ ಬಿಟ್ಟುಕೊಟ್ಟಷ್ಟೂ ದೂರಕ್ಕೆ ಕಮಾನನ್ನು ಹಿಗ್ಗಿಸಿದ ಮೇಲೆ ನೆರಳುಗಳು ಸಮಾನಾಂತರಕ್ಕೆ ಬಂದವು.

ಮೇಷ್ಟ್ರ ಕೈಗಡಿಯಾರಕ್ಕೂ ಲೆಕ್ಕ ಹಾಕಬೇಕಾಯಿತು. ನಮ್ಮ ದೇಶದ ಕಾಲಮಾನ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಜೈಸಲ್ಮೇರ್ ಇರುವುದು 71ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ 12:45 ದಾಟಿರುತ್ತದೆ. ನೆರಳು ಕಾಲಡಿಗೆ ಬಂದ ಕ್ಷಣಕ್ಕೆ ಮುಳ್ಳುಗಳನ್ನು ಅಲ್ಲಿಗೇ ಕೂರಿಸಿದ್ದೇನೆ.

ಸುಮ್ಮನೆ ನಿಲ್ಲಿಸುವ ಕೆಲಸ

ಮುದುಕಿ ನಲ್ಲಿಯ ಪಕ್ಕ ಬಂದು ನಿಂತ ಮೇಲೆ ಶಾಟ್ ಕತ್ತರಿಸದೆ 11 ಸೆಕೆಂಡ್ ಹಾಗೇ ಬಿಟ್ಟಿದ್ದೇನೆ. ಅನಿಮ್ಯಾಟಿಕ್ ಹಂತದಲ್ಲಿ, ಅಂದರೆ ಚಿತ್ರೀಕರಣಕ್ಕೆ ಮುಂಚೆ ರೇಖಾಚಿತ್ರಗಳನ್ನು ಜೋಡಿಸಿ ನೋಡುವ ಕರಡಿನಲ್ಲಿ, ಇದನ್ನು ಮೂರು ಅಳತೆಯಲ್ಲಿ ಮಾಡಿ ಗೆಳೆಯರಿಗೆ ತೋರಿಸಿದ್ದೆ. ನಾಲ್ಕು ಸೆಕೆಂಡಿಗೆ ಕತ್ತರಿಸಿದಾಗ ವಿಷಯ ಅರ್ಥವಾಯಿತು, ನಗು ಬರಲಿಲ್ಲ. ಏಳಕ್ಕೆ ಕತ್ತರಿಸಿದಾಗ ಕುರ್ಚಿಯಲ್ಲಿ ಮಿಸುಕಾಡಿದರು. ಹನ್ನೊಂದರವರೆಗೆ ಬಿಟ್ಟಾಗ ಮೊದಲು ಒಬ್ಬರು, ಆಮೇಲೆ ಎಲ್ಲರೂ ನಕ್ಕರು. ನೋಡುವವರಿಗೆ ಅದು ಹಾಸ್ಯ ಅಂತ ಬಾಯಿಬಿಟ್ಟು ಹೇಳಬಾರದು; ಅವರೇ ಅದನ್ನು ಕಂಡುಹಿಡಿಯಲು ಪುರುಸೊತ್ತು ಕೊಡಬೇಕು. ಮುದುಕಿಯ ಮುಖಕ್ಕೆ ಕ್ಲೋಸಪ್ ಹಾಕಿದರೆ ಆ ಪುರುಸೊತ್ತನ್ನು ಕಿತ್ತುಕೊಂಡಂತೆ. ಅದಕ್ಕೇ ಇಡೀ ದೃಶ್ಯ ಒಂದೇ ಅಗಲ ಚೌಕಟ್ಟಿನಲ್ಲಿದೆ.

ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನ ಜೊತೆ ವಾಡೆವಿಲ್ ಎಂಬ ಹಾಡು-ಹಾಸ್ಯ-ಕಸರತ್ತಿನ ಪ್ರದರ್ಶನಗಳ ರಂಗದ ಮೇಲೆ ಬೀಳುತ್ತ ಏಳುತ್ತ, ತಾನು ನಗದಿದ್ದಷ್ಟೂ ಜನ ಹೆಚ್ಚು ನಗುತ್ತಾರೆ ಎಂಬುದನ್ನು ಕಂಡುಕೊಂಡಿದ್ದ. ಗೊಂಬೆಗೆ ನಗದಿರುವುದು ಕಷ್ಟವಲ್ಲ. ಆದರೆ ನಗದೆ ಇರುವುದು ಬೇರೆ, ಜೀವವಿಲ್ಲದಿರುವುದು ಬೇರೆ. ಒಂದೇ ಫೋಟೋವನ್ನು 11 ಸೆಕೆಂಡ್ ಎಳೆದರೆ ಚಿತ್ರದ ಮೇಲಿನ ಸಣ್ಣ ಕಾಳುಕಾಳು ಕೂಡ ಅಲುಗಾಡುವುದು ನಿಲ್ಲುತ್ತದೆ, ವಿಡಿಯೋ ಸಿಕ್ಕಿಹಾಕಿಕೊಂಡಿದೆ ಅನ್ನಿಸುತ್ತದೆ. ಆದ್ದರಿಂದ ಏನೂ ನಡೆಯದ ಆ 11 ಸೆಕೆಂಡಿಗೂ 132 ಚಿತ್ರಗಳನ್ನು ಒಂದೊಂದಾಗಿ ತೆಗೆಯಬೇಕು.

ಆ ಚಿತ್ರಗಳಲ್ಲಿ ನಡೆಯುವುದು ಉಸಿರಾಟ. ಸುಮ್ಮನೆ ನಿಂತ ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ಉಸಿರಾಡುತ್ತಾನೆ ಅಂದುಕೊಂಡರೆ ಒಂದು ಉಸಿರಿಗೆ 4 ಸೆಕೆಂಡ್, ಅಂದರೆ 48 ಚಿತ್ರ. ಪ್ರತಿ ಗೊಂಬೆಯ ಬೆನ್ನಿನಲ್ಲಿ ಬಟ್ಟೆಯ ಒಳಗೆ ಒಂದು ತೆಳು ತಗಡಿನ ನಾಲಿಗೆ ಇದೆ. ಹಿಂದಿನಿಂದ ಸೂಜಿಮೊನೆಯಲ್ಲಿ ಅದನ್ನು ಕೂದಲೆಳೆಯಷ್ಟು ಒತ್ತಿದರೆ ಎದೆ ಉಬ್ಬುತ್ತದೆ. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಕವಾಯತಿನಂತೆ ಕಾಣುತ್ತದೆ, ಹಾಗಾಗಿ ಒಬ್ಬೊಬ್ಬರ ಉಸಿರೂ ಬೇರೆ ಬೇರೆ ಚಿತ್ರದಿಂದ ಶುರುವಾಗುತ್ತದೆ. ಮುದುಕಿಯದು ಇವರೆಲ್ಲರಿಗಿಂತ ನಿಧಾನ. ಕಣ್ಣು ಮಿಟುಕಿಸುವುದನ್ನು ಬಹಳ ಜಿಪುಣತನದಿಂದ ಬಳಸಿದ್ದೇನೆ. ರೆಪ್ಪೆ ಮುಚ್ಚಿ ತೆರೆಯಲು ಮೂರು ಚಿತ್ರ ಸಾಕು, ಆದರೆ ಆ ಮೂರು ಚಿತ್ರ ಎಲ್ಲಿ ಬರುತ್ತದೆ ಎಂಬುದರ ಮೇಲೆ ಅವಳು ಏನು ಯೋಚಿಸುತ್ತಿದ್ದಾಳೆ ಎಂಬುದು ಬದಲಾಗುತ್ತದೆ. ತಿರುಪಿನ ಕಡೆ ಕಣ್ಣು ಹೊರಳಿದ ನಂತರ ಮಿಟುಕಿಸಿದರೆ ಆಸೆ. ಮಿಟುಕಿಸಿ ಆಮೇಲೆ ಕಣ್ಣು ವಾಪಸು ತಂದರೆ ನಿರ್ಧಾರ. ನಾನು ಉಳಿಸಿಕೊಂಡದ್ದು ಎರಡನೆಯದನ್ನು.

ಒಂಟೆ

ಈ 11 ಸೆಕೆಂಡಿನಲ್ಲಿ ಎದ್ದು ಕಾಣುವಂತೆ ಅಲುಗಾಡುವುದು ಹಿಂದೆ ಮಲಗಿರುವ ಒಂಟೆಯ ದವಡೆಯೊಂದೇ. ಮೆಲುಕು ಹಾಕುವಾಗ ದವಡೆ ಅಡ್ಡಡ್ಡಲಾಗಿ ಅರೆಯುತ್ತದೆ. ಬರೀ ಮೇಲೆ ಕೆಳಗೆ ಆಡಿಸಿದರೆ ಮಾತಾಡುತ್ತಿರುವಂತೆ ಕಾಣುತ್ತದೆ. ಎಂಟನೆಯ ಸೆಕೆಂಡಿಗೆ ಒಂಟೆ ಮೆಲುಕು ನಿಲ್ಲಿಸುತ್ತದೆ. ಅಷ್ಟೇ. ಜನ ನಗುವುದು ಅದಾದ ಕೂಡಲೇ. ಊರಿನವರೆಲ್ಲ ಸಹಜ ಅಂದುಕೊಂಡದ್ದನ್ನು ಒಂಟೆಯೊಂದು ಗಮನಿಸಿತು ಅನ್ನಿಸುತ್ತದೋ ಏನೋ.

ಒಂಟೆ ನಡೆಯುವ ಶಾಟ್‌ಗಳನ್ನೂ ಈ ನಡುವೆ ಶುರು ಮಾಡಿದ್ದೇನೆ. ಅದು ನಡೆಯುವಾಗ ಒಂದೇ ಬದಿಯ ಮುಂಗಾಲು ಹಿಂಗಾಲು ಹೆಚ್ಚುಕಡಿಮೆ ಒಟ್ಟಿಗೆ ಮುಂದೆ ಹೋಗುತ್ತವೆ. ಆ ತೂಗಾಟ ಬರುವುದು ಅದರಿಂದಲೇ. ಕೂರುವಾಗ ಮೊದಲು ಮುಂಗಾಲಿನ ಮಂಡಿ ಊರುತ್ತದೆ, ಏಳುವಾಗ ಮೊದಲು ಹಿಂಭಾಗ ಮೇಲೇಳುತ್ತದೆ. ಗೊಂಬೆಯ ಒಳಗಿನ ತಂತಿಯನ್ನು ಮಂಡಿಯ ಬಳಿ ಇಮ್ಮಡಿ ಸುತ್ತಿದ್ದು ಈ ಚಲನೆಗಾಗಿ.

ಮರಳು ಮತ್ತು ನೆಲ

ನಿಜವಾದ ಮರಳನ್ನು ಸೆಟ್‌ಗೆ ಸುರಿದರೆ ಆಗುವುದಿಲ್ಲ. 0.2 ಮಿ.ಮೀ. ಕಣ 1:8 ಅಳತೆಯಲ್ಲಿ ಒಂದೂವರೆ ಮಿ.ಮೀ.ಗಿಂತ ದಪ್ಪಗೆ, ಜಲ್ಲಿಪುಡಿಯ ಹಾಗೆ ಕಾಣುತ್ತದೆ. ಬಟ್ಟೆಯಲ್ಲಿ ಸೋಸಿದ ಕಲ್ಲುಪುಡಿಯನ್ನು ನೀರು ಬೆರೆಸಿದ ಫೆವಿಕಾಲ್ ಮೇಲೆ ಉದುರಿಸಿ ಗಟ್ಟಿ ಮಾಡಿದ್ದೇನೆ. ಗಾಳಿ ಮೂಡಿಸುವ ಅಲೆಗೆರೆಗಳ ನಡುವೆ ನಿಜದಲ್ಲಿ ಹತ್ತು ಸೆಂ.ಮೀ. ಆಸುಪಾಸು ಅಂತರವಿರುತ್ತದೆ, ನನ್ನಲ್ಲಿ ಒಂದೂಕಾಲು. ದಿಬ್ಬದ ಗಾಳಿಗೆ ಎದುರಾದ ಬದಿ ಇಳಿಜಾರು ಕಡಿಮೆ, ಹಿಂಬದಿ ಕಡಿದು. ಮರಳು ಜಾರದೆ ನಿಲ್ಲುವ ಮಿತಿ ಸುಮಾರು 34 ಡಿಗ್ರಿ. ಥರ್ಮಾಕೋಲ್ ಕೊಯ್ಯುವಾಗ ಕೋನಮಾಪಕ ಇಟ್ಟುಕೊಂಡೇ ಕೊಯ್ದೆ. ಆದರೂ ದಿಬ್ಬ ಇರುವುದು ದೂರದಲ್ಲಿ ಒಂದೇ. ಥಾರ್ ಎಂದರೆ ಬರೀ ಮರಳುದಿಬ್ಬವಲ್ಲ. ಗಟ್ಟಿನೆಲ, ಎಕ್ಕದ ಗಿಡ, ಸೇವಣ್ ಹುಲ್ಲಿನ ಕುಚ್ಚು, ಮಣ್ಣಿನ ದುಂಡು ಗುಡಿಸಲು ಎಲ್ಲ ಸೇರಿಯೇ ಅದು.

ನಲ್ಲಿಯ ಆಚೆ ಒಂದು ಟಾಂಕಾ ಕಟ್ಟಿದ್ದೇನೆ. ಸುತ್ತಲಿನ ಇಳಿಜಾರು ನೆಲದ ಮೇಲೆ ಬಿದ್ದ ಮಳೆನೀರನ್ನು ಒಳಗಿಳಿಸಿಕೊಂಡು ಕಾಪಾಡುವ ನೆಲದಡಿಯ ದುಂಡು ತೊಟ್ಟಿ ಅದು. ಊರು ಇಷ್ಟು ಕಾಲ ಬದುಕಿದ್ದೇ ಅದರ ನೀರಿನಿಂದ. ಅದಿಲ್ಲದಿದ್ದರೆ ಸಾಲಿನಲ್ಲಿ ನಿಂತವರು ಪೆದ್ದರಂತೆ ಕಾಣುತ್ತಿದ್ದರು. ಈಗ ಅವರು ತಮ್ಮ ನೀರು ತಾವು ಜೋಪಾನ ಮಾಡಿಕೊಂಡು ಬಂದವರು, ಮಾತು ಕೊಟ್ಟವರನ್ನು ನಂಬಿ ಮರ್ಯಾದೆಯಿಂದ ಕಾಯುವವರು.

ಶಬ್ದದ ಕೆಲಸ ಅರ್ಧ ಆಗಿದೆ. ಗಾಳಿಯ ಮೂರು ಪದರಗಳಿವೆ, ಮೂರೂ ಬೇರೆ ಬೇರೆ ಉದ್ದದ ಸುತ್ತುಗಳು, ಒಂದು ಇನ್ನೊಂದಕ್ಕೆ ತಾಳೆಯಾಗದಂತೆ. ಸಂಗೀತಕ್ಕೆ ಮೋರ್‌ಚಂಗ್ ಮಾತ್ರ, ಕಛೇರಿಗಳಲ್ಲಿ ನಾವು ಕೇಳುವ ಮೋರ್ಸಿಂಗ್‌ನ ಸೋದರ. ಅದೂ ದೃಶ್ಯ ಮುಗಿದ ಮೇಲೆ ಒಂದು ಮೀಟು. ನಗುವ ಜಾಗದಲ್ಲಿ ಸಂಗೀತ ಇಲ್ಲ.

ಮುಂದೆ ಇರುವುದು ಬಸ್ಸು ಬರುವ ದೃಶ್ಯ. ಧೂಳಿಗೆ ಹತ್ತಿಯನ್ನು ತೆಳ್ಳಗೆ ಎಳೆದು, ಹಿಂದಿನಿಂದ ಬೆಳಕು ಕೊಟ್ಟು, ಚಿತ್ರಕ್ಕೊಮ್ಮೆ ಬಿಡಿಸುತ್ತಾ ಹೋಗುವುದು ಎಂದುಕೊಂಡಿದ್ದೇನೆ; ಸಣ್ಣ ಪರೀಕ್ಷೆಯಲ್ಲಿ ಚೆನ್ನಾಗಿ ಬಂದಿದೆ. ಬಸ್ಸಿನಿಂದ ಒಬ್ಬ ಇಳಿಯುತ್ತಾನೆ, ಕೈಯಲ್ಲಿ ಒಂದಡಿ ಉದ್ದದ ಪೈಪಿನ ತುಂಡು. ಸಾಲಿನವರು ಅವನನ್ನು ನೋಡುತ್ತಾರೆ, ಅವನು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ಆ ನೋಟಕ್ಕೆ ಅನಿಮ್ಯಾಟಿಕ್‌ನಲ್ಲಿ 9 ಸೆಕೆಂಡ್ ಇಟ್ಟಿದ್ದೇನೆ. ಚಿತ್ರೀಕರಣದಲ್ಲಿ 14 ತೆಗೆಯುತ್ತೇನೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಎಡಿಟಿಂಗ್ ಟೇಬಲ್‌ನಲ್ಲೇ ತೀರ್ಮಾನ ಮಾಡಬೇಕು.